ಐರಿಷ್ ರೀಲಿನ ಹೆಸರು ಬೇರೆ, ಮೂಲ ಬೇರೆ: ಐದು ಸೇವೆಗಳ ವಿಮರ್ಶೆ

ಐರಿಷ್ ಸಾಂಪ್ರದಾಯಿಕ ಸಂಗೀತದ ಒಂದು ರೀಲ್ ಅಥವಾ ಜಿಗ್ (ಎರಡೂ ನೃತ್ಯದ ಮಟ್ಟಿನ ಬಗೆಗಳು) ಕೇಳಿ ಹೆಸರು ಪತ್ತೆ ಮಾಡುವುದು ಈಗ ಅರ್ಧ ನಿಮಿಷದ ಕೆಲಸ. ಅದೇ ಮಟ್ಟು ಯಾರ ಕೈಯಿಂದ ಬಂತು, ಮೊದಲು ಎಲ್ಲಿ ಅಚ್ಚಾಯಿತು, ಯಾವ ರೆಕಾರ್ಡಿನಿಂದ ಹರಡಿತು ಎಂದು ತಿಳಿಯಬೇಕಾದರೆ ಮಾತ್ರ ಪಟ್ಟಾಗಿ ಕೂರಬೇಕು. ಇಲ್ಲಿ ನೋಡಿರುವ ಸೇವೆಗಳು ಐದು: ಟ್ಯೂನ್‌ಪಾಲ್, ದಿ ಸೆಷನ್, ಐರಿಷ್‌ಟ್ಯೂನ್ ಡಾಟ್ ಇನ್ಫೋ, ಟ್ರೆಡಿಷನಲ್ ಟ್ಯೂನ್ ಆರ್ಕೈವ್ ಮತ್ತು ಡಬ್ಲಿನ್ನಿನ ಐರಿಷ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್. ಮೊದಲ ಎರಡು ಹೆಸರಿಗೆ ಒಳ್ಳೆಯವು, ಕೊನೆಯ ಎರಡು ಮೂಲಕ್ಕೆ. ನಡುವಿನದು ರೆಕಾರ್ಡಿಂಗ್‌ಗಳಿಗೆ. ಒಂದರ ಕೆಲಸ ಇನ್ನೊಂದರಿಂದ ಮಾಡಿಸಲು ಹೋದಾಗಲೇ ತಪ್ಪು ಮಾಹಿತಿ ಹುಟ್ಟುವುದು.

ಹೆಸರನ್ನು ಏಕೆ ಅಷ್ಟಾಗಿ ನಂಬಬಾರದು ಎಂಬುದನ್ನು ಮೊದಲು ನೋಡೋಣ. ಈ ಮಟ್ಟುಗಳಿಗೆ ಸಾಹಿತ್ಯವಿಲ್ಲ, ಇದ್ದರೂ ನೃತ್ಯಕ್ಕೆ ಬೇಕಿಲ್ಲ. ಹಾಗಾಗಿ ಹೆಸರು ಸಡಿಲವಾಗಿ ಅಂಟಿಕೊಂಡಿರುತ್ತದೆ, ಸುಲಭವಾಗಿ ಬಿಟ್ಟೂ ಹೋಗುತ್ತದೆ. 'ಕೂಲೀಸ್' ಎಂಬ ಪ್ರಸಿದ್ಧ ರೀಲ್ ಗಾಲ್ವೇ ಕೌಂಟಿಯ ಅಕಾರ್ಡಿಯನ್ ವಾದಕ ಜೋ ಕೂಲಿಯ ಹೆಸರಿನಲ್ಲಿದೆ. ಅವರು ಅದನ್ನು ನುಡಿಸುತ್ತಿದ್ದರು ಅಷ್ಟೆ, ರಚಿಸಿದವರಲ್ಲ. ಇದಕ್ಕೆ ತದ್ವಿರುದ್ಧ ಪ್ಯಾಡಿ ಫಾಹಿ. ಪೂರ್ವ ಗಾಲ್ವೇಯ ಈ ಪಿಟೀಲು ವಾದಕರು ಹತ್ತಾರು ಮಟ್ಟು ಕಟ್ಟಿದರು, ಒಂದಕ್ಕೂ ಹೆಸರಿಡಲಿಲ್ಲ, ತಮ್ಮದೇ ಆಲ್ಬಂ ಒಂದನ್ನೂ ಹೊರತರಲಿಲ್ಲ. ಎಲ್ಲವೂ 'ಪ್ಯಾಡಿ ಫಾಹೀಸ್' ಆದವು. ನಂತರದವರು ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟರು. ಆದರೆ ಒಬ್ಬರ ಸಂಖ್ಯೆಗೂ ಇನ್ನೊಬ್ಬರ ಸಂಖ್ಯೆಗೂ ತಾಳೆಯಿಲ್ಲ. ಫಾಹಿಯವರ ಮಟ್ಟನ್ನು ಸಂಖ್ಯೆಯಿಂದ ಗುರುತಿಸಲೇಬೇಡಿ, ಮೊದಲ ಎರಡು ಆವರ್ತದ (ಬಾರ್) ಸ್ವರ ಬರೆದುಕೊಳ್ಳಿ.

ಒಂದೇ ಹೆಸರಿಗೆ ಹಲವು ಮಟ್ಟು ಎಂಬ ತೊಡಕೂ ಉಂಟು. 'ಸ್ಯಾಲಿ ಗಾರ್ಡನ್ಸ್' ಎಂದು ಹುಡುಕಿದರೆ ಒಂದು ಚುರುಕಿನ ರೀಲೂ ಸಿಗುತ್ತದೆ, ಯೇಟ್ಸ್ ಕವಿತೆಯನ್ನು ಕೂಡಿಸಿ ಹಾಡುವ ನಿಧಾನದ ಮಟ್ಟೂ ಸಿಗುತ್ತದೆ. ಎರಡಕ್ಕೂ ಸಂಬಂಧವಿಲ್ಲ, ಹಾಡಿನ ಮಟ್ಟಿನ ಹಳೆಯ ಹೆಸರು 'ದಿ ಮೇಡ್ಸ್ ಆಫ್ ಮೋರ್ನ್ ಶೋರ್'. 'ದಿ ಬ್ಲ್ಯಾಕ್‌ಬರ್ಡ್' ಎಂದರೆ ಸೆಟ್ ಡಾನ್ಸ್ ಕೂಡ, ನಿಧಾನದ ಏರ್ (ಹಾಡಿನ ಧಾಟಿಯ ಮಟ್ಟು) ಕೂಡ, ರೀಲ್ ಕೂಡ. ಆದ್ದರಿಂದ ಎಲ್ಲಿ ಹುಡುಕಿದರೂ ಹೆಸರಿನ ಜೊತೆ ಲಯದ ಜಾತಿ ಕೊಡಲೇಬೇಕು: ರೀಲ್ 4/4, ಜಿಗ್ 6/8, ಸ್ಲಿಪ್ ಜಿಗ್ 9/8, ಸ್ಲೈಡ್ 12/8, ಪೋಲ್ಕಾ 2/4. ಹಾರ್ನ್‌ಪೈಪ್ ಕೂಡ 4/4, ಆದರೆ ನಡೆ ನಿಧಾನ, ಕುಣಿತದ ಒತ್ತು ಹೆಚ್ಚು.

ಇನ್ನು ಟ್ಯೂನ್‌ಪಾಲ್. ಡಬ್ಲಿನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಬ್ರಯನ್ ಡಗ್ಗನ್ ನಡೆಸಿದ ಸಂಶೋಧನೆಯಿಂದ ಹುಟ್ಟಿದ ಆ್ಯಪ್ ಇದು. ಫೋನನ್ನು ವಾದ್ಯದ ಹತ್ತಿರ ಹಿಡಿದು ಹನ್ನೆರಡು ಸೆಕೆಂಡಿನಷ್ಟು ಧ್ವನಿ ಕೊಟ್ಟರೆ ಅದು ಸ್ವರಗಳನ್ನು ಬಿಡಿಸಿಕೊಂಡು, ಅಲಂಕಾರಗಳನ್ನು ಒರೆಸಿ, ತನ್ನ ಸಂಗ್ರಹದ ಮಟ್ಟುಗಳ ಜೊತೆ ಹೋಲಿಸಿ ಪಟ್ಟಿ ಕೊಡುತ್ತದೆ. ಹನ್ನೆರಡು ಸೆಕೆಂಡು ಸಾಕೇ? ರೀಲನ್ನು ನಿಮಿಷಕ್ಕೆ 112 ಹಾಫ್ ನೋಟ್ (ಅರ್ಧ ಆವರ್ತದಷ್ಟು ಉದ್ದದ ಸ್ವರ) ವೇಗದಲ್ಲಿ ನುಡಿಸಿದರೆ ಒಂದು ಆವರ್ತಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಎಂಟು ಆವರ್ತದ ಒಂದು ಭಾಗ ಸುಮಾರು ಎಂಟೂವರೆ ಸೆಕೆಂಡು. ಅಂದರೆ ಒಂದು ಭಾಗ ಪೂರ್ತಿ ಸಿಕ್ಕು ಇನ್ನಷ್ಟು ಉಳಿಯುತ್ತದೆ. ಸಾಕು.

ಕೈಕೊಡುವುದು ಬೇರೆ ಕಡೆ. ಪಬ್‌ನಲ್ಲಿ ಹತ್ತು ಜನ ಕೂತು ಕೂಡಿ ನುಡಿಸುವ ಸೆಷನ್ನಿನ ನಡುವೆ ಫೋನ್ ಎತ್ತಿ ಹಿಡಿದರೆ ಫಲಿತಾಂಶ ಕಸ: ಗಿಟಾರ್, ಬೂಜೂಕಿ ಎಂಬ ತಂತಿವಾದ್ಯದ ಸ್ವರಮೇಳವೂ ಬೌರಾನ್ ಎಂಬ ಚರ್ಮವಾದ್ಯದ ಪೆಟ್ಟೂ ಸೇರಿ ಸ್ವರ ಗುರುತಿಸುವುದೇ ಕಷ್ಟವಾಗುತ್ತದೆ. ವಿಸಿಲ್ (ತಗಡಿನ ಪುಟ್ಟ ಕೊಳಲು), ಕೊಳಲು, ಪಿಟೀಲು ಯಾವುದಾದರೂ ಒಂದರ ಮಗ್ಗುಲಲ್ಲಿ ಕೂತು ಹಿಡಿಯಬೇಕು. ಇಲ್ಲವೇ ದೂರದಿಂದ ರೆಕಾರ್ಡ್ ಮಾಡಿಕೊಂಡು, ಮನೆಗೆ ಬಂದು ವಿಸಿಲ್ಲಿನಲ್ಲಿ ನಿಧಾನವಾಗಿ, ಅಲಂಕಾರವಿಲ್ಲದೆ ನೀವೇ ನುಡಿಸಿ ಕೊಡಿ. ಇದೇ ಹೆಚ್ಚು ಖಚಿತ. ಎರಡನೆಯ ಸಮಸ್ಯೆ ಶ್ರುತಿ. ಈ ಸಂಗೀತದ ವಾದ್ಯಗಳ ವಾಡಿಕೆಯ ಆಧಾರ ಡಿ. ಇ ಫ್ಲಾಟ್ ಕೊಳಲಿನಲ್ಲೋ ತಿದಿಯಿಂದ ಗಾಳಿ ಊದುವ ಸಿ ಪೈಪ್‌ನಲ್ಲೋ ನುಡಿಸಿದ್ದನ್ನು ಹಾಗೇ ಕೊಟ್ಟರೆ ಇಡೀ ಮಟ್ಟು ಜರುಗಿ ಕೂರುತ್ತದೆ. ಸೆಟ್ಟಿಂಗ್‌ನಲ್ಲಿ ವಾದ್ಯದ ಶ್ರುತಿ ಬದಲಿಸಿ ಮತ್ತೆ ಹುಡುಕಿ. ಮೂರನೆಯದು, ಪಟ್ಟಿಯ ಮೊದಲಿಗಿರುವ ಹೆಸರೇ ಉತ್ತರ ಎಂದು ತಿಳಿಯುವುದು. ಮೇಲಿನ ನಾಲ್ಕೈದನ್ನಾದರೂ ತೆರೆದು, ಎರಡೂ ಭಾಗ ನುಡಿಸಿ ನೋಡಬೇಕು. ಮೊದಲ ಭಾಗ ಒಂದೇ ಆಗಿದ್ದು ಎರಡನೆಯ ಭಾಗ ಬೇರೆಯಾದ ಮಟ್ಟುಗಳು ಸಾಕಷ್ಟಿವೆ. ಕೆಲವು ಪ್ರಾಂತದವರು ಭಾಗಗಳನ್ನು ಅದಲು ಬದಲು ಮಾಡಿ ನುಡಿಸುವುದೂ ಉಂಟು.

ಟ್ಯೂನ್‌ಪಾಲ್ ಕೊಟ್ಟ ಹೆಸರು ಹಿಡಿದು ದಿ ಸೆಷನ್‌ಗೆ ಬಂದರೆ ಅಲ್ಲಿ ಸಮೃದ್ಧಿ. ಒಂದೊಂದು ಮಟ್ಟಿಗೂ ಒಂದು ಸಂಖ್ಯೆ, ಹಲವು ಪಾಠಾಂತರ, ಅವು ಎಬಿಸಿ ಲಿಪಿಯಲ್ಲೂ (ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು) ಐದು ಗೆರೆಗಳ ಸ್ಟಾಫ್ ಲಿಪಿಯಲ್ಲೂ ಉಂಟು, ಜೊತೆಗೆ ಪರ್ಯಾಯ ಹೆಸರುಗಳ ಉದ್ದ ಸಾಲು, ರೆಕಾರ್ಡಿಂಗ್‌ಗಳ ಪಟ್ಟಿ. ಇಡೀ ದತ್ತಾಂಶ ಇಳಿಸಿಕೊಳ್ಳಲು ಮುಕ್ತವಾಗಿ ಸಿಗುತ್ತದೆ. ಇಷ್ಟು ದೊಡ್ಡ ಸಾಮೂಹಿಕ ಶ್ರಮವನ್ನು ಹೀಗೆ ತೆರೆದಿಟ್ಟಿರುವುದು ದೊಡ್ಡ ಮನಸ್ಸು. ಮಟ್ಟನ್ನು ಇಂದು ಜನ ನಿಜಕ್ಕೂ ಹೇಗೆ ನುಡಿಸುತ್ತಾರೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಪರ್ಯಾಯ ಹೆಸರುಗಳ ಆ ಸಾಲು ಸಮತಟ್ಟು. 1809ರ ಪುಸ್ತಕವೊಂದರಲ್ಲಿರುವ ಹೆಸರೂ, ಯಾವುದೋ ಆಲ್ಬಂ ಹೊದಿಕೆಯ ತಪ್ಪೂ, ಒಬ್ಬ ಸದಸ್ಯರ ಊರಲ್ಲಿ ಮಾತ್ರ ಕರೆಯುವ ಹೆಸರೂ ಒಂದೇ ಸಾಲಿನಲ್ಲಿ ಅಕ್ಷರಕ್ರಮದಲ್ಲಿ ನಿಂತಿರುತ್ತವೆ. ಯಾವುದನ್ನು ಯಾರು, ಯಾವ ಆಧಾರದ ಮೇಲೆ ಸೇರಿಸಿದರು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಈ ಸಾಲನ್ನು ಮುಂದಿನ ಹುಡುಕಾಟಕ್ಕೆ ಬೇಕಾದ ಪದಗಳ ಪಟ್ಟಿಯೆಂದು ಬಳಸಿ, ಪುರಾವೆಯೆಂದು ಬಳಸಬೇಡಿ.

ಐರಿಷ್‌ಟ್ಯೂನ್ ಡಾಟ್ ಇನ್ಫೋ ಬಗ್ಗೆ ಹೇಳುವುದು ಸ್ವಲ್ಪ. ಪೂರ್ಣ ಸ್ವರಲಿಪಿ ಬೇಕಾದವರಿಗೆ ಇದು ಆಗಿಬರುವುದಿಲ್ಲ. ಆದರೆ ಆಲ್ಬಂಗಳನ್ನು ಕಿವಿಯಿಂದ ಕೇಳಿ, ಪ್ರತಿ ಟ್ರ್ಯಾಕ್‌ನಲ್ಲಿ ನಿಜಕ್ಕೂ ಇರುವ ಮಟ್ಟು ಯಾವುದು ಎಂದು ಗುರುತಿಸಿ, ಅದಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಕೆಲಸವನ್ನು ಇಷ್ಟು ಶಿಸ್ತಿನಿಂದ ಮಾಡಿದ ತಾಣ ಇನ್ನೊಂದಿಲ್ಲ. ಹೊದಿಕೆಯ ಮೇಲೆ ಒಂದು ಹೆಸರು, ಒಳಗೆ ಬೇರೆ ಮಟ್ಟು ಎಂಬುದು 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಕಾಲದಿಂದಲೂ ಇರುವ ರೋಗ. ಆ ರೆಕಾರ್ಡುಗಳ ಪ್ರಭಾವವೋ ಅಪಾರ. ಸ್ಲೈಗೋದ ಪಿಟೀಲು ವಾದಕ ಮೈಕಲ್ ಕೋಲ್ಮನ್ 1934ರಲ್ಲಿ ನ್ಯೂಯಾರ್ಕಿನಲ್ಲಿ 'ದಿ ಟಾರ್ಬೋಲ್ಟನ್', 'ದಿ ಲಾಂಗ್‌ಫರ್ಡ್ ಕಲೆಕ್ಟರ್', 'ದಿ ಸೇಲರ್ಸ್ ಬಾನೆಟ್' ಮೂರನ್ನೂ ಸೇರಿಸಿ ನುಡಿಸಿದರು. ಇಂದಿಗೂ ಆ ಮೂರನ್ನು ಅದೇ ಕ್ರಮದಲ್ಲಿ ನುಡಿಸುತ್ತಾರೆ, ಅವೇ ಹೆಸರಿನಿಂದ ಕರೆಯುತ್ತಾರೆ. ಟಾರ್ಬೋಲ್ಟನ್ ಸ್ಕಾಟ್ಲೆಂಡಿನ ಏರ್‌ಶೈರಿನ ಒಂದು ಹಳ್ಳಿ ಎಂಬುದು ಎಷ್ಟೋ ವಾದಕರಿಗೆ ಹೊಳೆಯುವುದೇ ಇಲ್ಲ. ನಿಮ್ಮ ಮಟ್ಟು ಯಾವ ರೆಕಾರ್ಡಿನಿಂದ ಚಾಲ್ತಿಗೆ ಬಂತು ಎಂದು ನೋಡಲು ಇಲ್ಲಿಗೆ ಬನ್ನಿ.

ನಿಜವಾದ ಹುಡುಕಾಟ ಶುರುವಾಗುವುದು ಟ್ರೆಡಿಷನಲ್ ಟ್ಯೂನ್ ಆರ್ಕೈವ್‌ನಲ್ಲಿ. ಆ್ಯಂಡ್ರ್ಯೂ ಕುಂಟ್ಸ್ ಬಹುಕಾಲ ಕಟ್ಟಿದ 'ಫಿಡ್ಲರ್ಸ್ ಕಂಪ್ಯಾನಿಯನ್' ಎಂಬ ಟಿಪ್ಪಣಿಕೋಶ ಇದರ ಅಡಿಪಾಯ. ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡ್, ಉತ್ತರ ಅಮೆರಿಕ ನಾಲ್ಕನ್ನೂ ಒಂದೇ ಸೂರಿನಡಿ ತಂದಿರುವುದು ಇದರ ಹೆಚ್ಚುಗಾರಿಕೆ, ಏಕೆಂದರೆ ಐರಿಷ್ ರೀಲುಗಳ ದೊಡ್ಡ ಪಾಲು ಗಡಿ ದಾಟಿ ಬಂದದ್ದು. 'ರೇಕಿಷ್ ಪ್ಯಾಡಿ' ಸ್ಕಾಟ್ಲೆಂಡಿನ 'ಕಾಬರ್ ಫೇ'; 'ಜೆನ್ನೀಸ್ ಚಿಕನ್ಸ್' ಅಲ್ಲಿನ 'ಸ್ಲೀಪಿ ಮ್ಯಾಗಿ'; 'ದಿ ಬಾಯ್ನ್ ಹಂಟ್' ಅಲ್ಲಿನ 'ದಿ ಪರ್ತ್‌ಶೈರ್ ಹಂಟ್', ಅದನ್ನು ರಚಿಸಿದ್ದು ಆರ್ಡಕ್‌ನ ಮ್ಯಾಗ್ಡಲೀನ್ ಸ್ಟರ್ಲಿಂಗ್ ಎಂಬ ಮಹಿಳೆ. ಐರ್ಲೆಂಡಿನ ಹೆಸರೊಂದನ್ನೇ ಹಿಡಿದು ಕೂತರೆ ಈ ಕೊಂಡಿಗಳು ಕಾಣುವುದೇ ಇಲ್ಲ.

ಇಲ್ಲಿ ಹುಡುಕುವಾಗ ಕೆಲವು ಸಣ್ಣ ಎಚ್ಚರ ಬೇಕು. ಶೀರ್ಷಿಕೆಯ ಮುಂದಿನ 'ದಿ' ಇಲ್ಲಿ ಕೊನೆಗೆ ಹೋಗುತ್ತದೆ, 'ಬಾಯ್ನ್ ಹಂಟ್' ಎಂದೇ ಟೈಪ್ ಮಾಡಿ. ವ್ಯಕ್ತಿಯ ಹೆಸರಿದ್ದರೆ ಮಿಸ್, ಮಿಸೆಸ್, ಲೇಡಿ ಮೂರನ್ನೂ, ಮ್ಯಾಕ್‌ನ ಮೂರು ಕಾಗುಣಿತವನ್ನೂ ಪ್ರಯತ್ನಿಸಿ. ಹೆಸರಿನಿಂದ ಸಿಗದಿದ್ದರೆ ಥೀಮ್ ಕೋಡ್ ಇದೆ: ಮೊದಲ ಎರಡು ಆವರ್ತದಲ್ಲಿ ಒತ್ತು ಬೀಳುವ ಸ್ವರಗಳನ್ನು ಮಾತ್ರ ತೆಗೆದುಕೊಂಡು, ಆಧಾರ ಸ್ವರದಿಂದ ಎಷ್ಟನೆಯದು ಎಂದು ಒಂದರಿಂದ ಏಳರವರೆಗಿನ ಅಂಕಿಯಲ್ಲಿ ಬರೆಯುವ ಪದ್ಧತಿ. ಚಾರ್ಲ್ಸ್ ಗೋರ್ 1994ರಲ್ಲಿ ಪ್ರಕಟಿಸಿದ ಸ್ಕಾಟಿಷ್ ಪಿಟೀಲು ಸಂಗೀತದ ಸೂಚಿಯೂ ಇದೇ ಬಗೆಯದು. ಸರಿಗಮ ಬಲ್ಲವರಿಗೆ ಇದು ನೀರು ಕುಡಿದಷ್ಟು ಸುಲಭ. ಒಂದು ಎಂದರೆ ಷಡ್ಜ, ಐದು ಎಂದರೆ ಪಂಚಮ, ಶ್ರುತಿ ಯಾವುದಾದರೂ ಇರಲಿ. ಮೋಡ್‌ಗಳೂ ಹಾಗೆಯೇ: ಮೇಜರ್ ಎಂದರೆ ಶಂಕರಾಭರಣದ ಸ್ವರಗಳು, ಮಿಕ್ಸೊಲಿಡಿಯನ್ ಎಂದರೆ ಹರಿಕಾಂಭೋಜಿ, ಡೋರಿಯನ್ ಎಂದರೆ ಖರಹರಪ್ರಿಯ. ಕರ್ನಾಟಕ ಸಂಗೀತ ಕಲಿತ ಕಿವಿ ಈ ಹುಡುಕಾಟದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಒಂದು ಮಟ್ಟನ್ನು ಹಿಡಿದು ಪೂರ್ತಿ ನೋಡೋಣ: 'ಮಿಸ್ ಮೆಕ್ಲೌಡ್ಸ್ ರೀಲ್'. ಜಿ ಶ್ರುತಿಯ ಸಾಮಾನ್ಯ ಪಾಠವನ್ನು ಸ್ವರಗಳಲ್ಲಿ ಬರೆದರೆ ಮೊದಲ ಆವರ್ತ 'ಸಾ ಗ ಸ, ಪ ಸ ಗ ಸ', ಎರಡನೆಯದು 'ಗಾ ಗ ರಿ, ಗ ಮ ಗ ರಿ'. ಒತ್ತಿನ ಸ್ವರಗಳು ಸ ಗ ಪ ಗ, ಗ ಗ ಗ ಗ. ಅಂಕಿಯಲ್ಲಿ 1353 3333. ಇಲ್ಲೇ ಒಂದು ಬಲೆಯಿದೆ: ಮೊದಲ ಆವರ್ತದ ಪಂಚಮವನ್ನು ಕೆಲವರು ಮೇಲೆ ನುಡಿಸುತ್ತಾರೆ, ಕೆಲವರು ಮಂದ್ರದಲ್ಲಿ. ಕೋಡ್‌ನಲ್ಲಿ ಮಂದ್ರಕ್ಕೆ ಎಲ್, ತಾರಕ್ಕೆ ಎಚ್ ಎಂದು ಗುರುತು ಸೇರುವುದರಿಂದ ಎರಡೂ ಬೇರೆ ಬೇರೆಯಾಗಿಬಿಡುತ್ತವೆ. ಎರಡನ್ನೂ ಕೊಟ್ಟು ನೋಡಬೇಕು. ಜಿಗ್ ಆದರೆ ಆವರ್ತಕ್ಕೆ ಒತ್ತು ಎರಡೇ. ನೀವೇ ಹೋಲಿಸುವಾಗ ನಾಲ್ಕು ಆವರ್ತ ಬರೆದುಕೊಂಡರೆ ಗೊಂದಲ ಕಡಿಮೆ.

ಈ ರೀಲಿಗೆ ಅಮೆರಿಕದಲ್ಲಿ 'ಹಾಪ್ ಹೈ ಲೇಡೀಸ್', 'ಅಂಕಲ್ ಜೋ' ಎಂಬ ಹೆಸರುಗಳಿವೆ. ಅಲ್ಲಿ ಅದಕ್ಕೆ ಹಾಡಿನ ಸಾಲುಗಳೂ ಕೂಡಿಕೊಂಡವು. ಐರ್ಲೆಂಡಿನ ಮುದ್ರಿತ ಸಂಗ್ರಹಗಳಲ್ಲಿ ಅದು 'ಮಿಸ್ ಮೆಕ್ಲೌಡ್ಸ್'. ಹಿಂದಕ್ಕೆ ಹೋದರೆ ಸ್ಕಾಟ್ಲೆಂಡಿನ ಪಿಟೀಲು ವಾದಕ ನೀಲ್ ಗೌ ಅವರ ಐದನೆಯ ಸಂಗ್ರಹ, 1809. ಅಲ್ಲಿ ಅದು 'ಮಿಸೆಸ್ ಮೆಕ್ಲೌಡ್ ಆಫ್ ರಾಸೆ'. ಜೊತೆಗೆ ಒಂದು ಚಿಕ್ಕ ಟಿಪ್ಪಣಿ: ಇದು ಸ್ಕೈ ದ್ವೀಪದ ರೀಲ್, ಮಿಸ್ಟರ್ ಮೆಕ್ಲೌಡ್ ತಿಳಿಸಿದ್ದು. ರಾಸೆ ಎಂಬುದು ಸ್ಕೈ ಪಕ್ಕದ ಪುಟ್ಟ ದ್ವೀಪ. ಈ ಒಂದು ಸಾಲು ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂದು ನಿಧಾನವಾಗಿ ನೋಡಬೇಕು. ಮಟ್ಟು ಕೊಟ್ಟವರು ಯಾರು ಎಂದು ಹೇಳುತ್ತದೆ. ಯಾವ ಸೀಮೆಯದು ಎಂದು ಹೇಳುತ್ತದೆ. ರಚಿಸಿದವರು ಯಾರು ಎಂದು ಹೇಳುವುದಿಲ್ಲ. ಗೌ ಅವರೇ ರಚಿಸಿದರು ಎಂದಂತೂ ಎಲ್ಲೂ ಇಲ್ಲ. ಆದರೂ ಆಲ್ಬಂ ಹೊದಿಕೆಗಳಲ್ಲಿ ಹೀಗೆ ಪುಸ್ತಕದ ಸಂಪಾದಕರನ್ನೇ ರಚನಕಾರರನ್ನಾಗಿ ಮಾಡುವುದು ತೀರಾ ಸಾಮಾನ್ಯ. 1809 ಎಂಬುದು ಮಟ್ಟು ಹುಟ್ಟಿದ ವರ್ಷವೂ ಅಲ್ಲ. ಅಷ್ಟು ಹೊತ್ತಿಗೆ ಅದು ಇತ್ತು ಎಂಬುದಕ್ಕೆ ಸಾಕ್ಷಿ, ಅಷ್ಟೆ. 'ಸ್ಕೈ ದ್ವೀಪದ ರೀಲ್. ಗೌ, ಐದನೆಯ ಸಂಗ್ರಹ, 1809. ಕೊಟ್ಟವರು ಮೆಕ್ಲೌಡ್' ಎಂದು ಬರೆದರೆ ಅದು ಸರಿಯಾದ ನಮೂದು.

ಟಿಪ್ಪಣಿಯಲ್ಲಿ ಓದಿದ್ದನ್ನು ಮೂಲ ಪುಟದಲ್ಲಿ ನೋಡದೆ ಬಿಡಬೇಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಗ್ಲೆನ್ ಮತ್ತು ಇಂಗ್ಲಿಸ್ ಸಂಗ್ರಹಗಳ ಹಳೆಯ ಸಂಗೀತ ಪುಸ್ತಕಗಳನ್ನು ಪುಟ ಪುಟವಾಗಿ ಉಚಿತವಾಗಿ ತೆರೆದಿಟ್ಟಿದೆ. ಆ ಕಾಲದ ಎಷ್ಟೋ ಪುಸ್ತಕಗಳ ಮುಖಪುಟದಲ್ಲಿ ವರ್ಷವೇ ಇಲ್ಲ. ಪ್ರಕಾಶಕರ ವಿಳಾಸ, ಜಾಹೀರಾತು ನೋಡಿ ವಿದ್ವಾಂಸರು ಅಂದಾಜಿಸಿದ್ದು. ಹಾಗಿದ್ದಲ್ಲಿ 'ಸುಮಾರು' ಎಂಬ ಪದವನ್ನು ನಿಮ್ಮ ಟಿಪ್ಪಣಿಯಲ್ಲೂ ಉಳಿಸಿಕೊಳ್ಳಿ.

ಟ್ಯೂನ್ ಆರ್ಕೈವ್‌ನ ಕುಂದು ಎಂದರೆ ಪುಟದಿಂದ ಪುಟಕ್ಕೆ ಗುಣಮಟ್ಟ ಏರುಪೇರು. ಪ್ರಸಿದ್ಧ ಮಟ್ಟಿಗೆ ಪುಟಗಟ್ಟಲೆ ವಿವರ, ಅಪರೂಪದ್ದಕ್ಕೆ ಎರಡು ಸಾಲು. ಹೆಸರಿನ ಹಿಂದಿನ ಕತೆಗಳು ಕೆಲವೊಮ್ಮೆ ಮಟ್ಟಿಗೆ ಸಂಬಂಧಪಡದ ಇತಿಹಾಸದತ್ತ ಹೊರಳುತ್ತವೆ. ಕತೆ ಬಿಟ್ಟು ಮುದ್ರಿತ ಮೂಲ, ರೆಕಾರ್ಡಿಂಗ್, ಬರೆದುಕೊಂಡದ್ದು ಯಾರಿಂದ ಎಂಬ ಮೂರು ಸಾಲುಗಳಿಗೆ ಮೊದಲು ಹೋಗಿ.

ಫ್ರಾನ್ಸಿಸ್ ಓನೀಲ್ ಪುಸ್ತಕಗಳ ಬಗ್ಗೆ ಬೇರೆಯಾಗಿಯೇ ಎಚ್ಚರಿಸಬೇಕು, ಏಕೆಂದರೆ ಅರ್ಧಕ್ಕರ್ಧ ಹುಡುಕಾಟಗಳು ಅಲ್ಲಿಗೇ ಬಂದು ನಿಲ್ಲುತ್ತವೆ. ಕಾರ್ಕ್ ಕೌಂಟಿಯಲ್ಲಿ ಹುಟ್ಟಿ ಶಿಕಾಗೋ ಪೊಲೀಸ್ ಮುಖ್ಯಸ್ಥರಾದ ಓನೀಲ್ 1903ರಲ್ಲಿ 1850 ಮಟ್ಟುಗಳ ಸಂಗ್ರಹ ತಂದರು, 1907ರಲ್ಲಿ 1001 ನೃತ್ಯ ಮಟ್ಟುಗಳದ್ದು. ಎರಡರ ಕ್ರಮಸಂಖ್ಯೆ ಬೇರೆ. 'ಓನೀಲ್, 700' ಎಂದರೆ ಯಾವುದರ 700 ಎಂದು ಹೇಳಲೇಬೇಕು. 1976ರಲ್ಲಿ ಮೈಲ್ಸ್ ಕ್ರಾಸೆನ್ ಪರಿಷ್ಕರಿಸಿದ ಆವೃತ್ತಿಯಂತೂ ಪಾಠಗಳನ್ನೇ ಬದಲಿಸಿದ್ದು. ಅದು ನುಡಿಸಲು ಚೆನ್ನ, 1903ಕ್ಕೆ ಸಾಕ್ಷಿಯಲ್ಲ. ಐರಿಷ್ ಭಾಷೆಯ ಶೀರ್ಷಿಕೆ ಕಂಡೊಡನೆ ಅದೇ ಹಳೆಯ ಹೆಸರು ಎಂದು ನಂಬಬೇಡಿ, ಬಹಳಷ್ಟು ಇಂಗ್ಲಿಷ್ ಹೆಸರುಗಳನ್ನು ಪುಸ್ತಕಕ್ಕಾಗಿ ಅನುವಾದಿಸಿದ್ದು. 1903ರ ಪುಸ್ತಕದಲ್ಲಿ ಎಷ್ಟೋ ಮಟ್ಟುಗಳ ಮೇಲ್ಭಾಗದಲ್ಲಿ ಡಿಲೇನಿ, ಮೆಕ್‌ಫ್ಯಾಡನ್, ಅರ್ಲಿ ಎಂದು ಕೊಟ್ಟವರ ಹೆಸರಿದೆ. ಚಿಕ್ಕ ಅಕ್ಷರದ ಆ ಹೆಸರು ಶೀರ್ಷಿಕೆಗಿಂತ ಬೆಲೆಯುಳ್ಳದ್ದು. ಓನೀಲ್ ಮಟ್ಟುಗಳ ಮೂಲಗಳ ಬಗ್ಗೆ ಪಾಲ್ ಡಿ ಗ್ರೇ ಸಿದ್ಧಪಡಿಸಿದ ವಿಸ್ತೃತ ಟಿಪ್ಪಣಿಗಳನ್ನು ಡಬ್ಲಿನ್ನಿನ ಆರ್ಕೈವ್ ಪ್ರಕಟಿಸಿದೆ. ಓನೀಲ್ ಸಂಖ್ಯೆ ಕೈಗೆ ಸಿಕ್ಕ ಮೇಲೆ ಮೊದಲು ತೆರೆಯಬೇಕಾದ್ದು ಅದು.

ಆ ಆರ್ಕೈವ್, ಅಂದರೆ ಐರಿಷ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್, 1987ರಲ್ಲಿ ಶುರುವಾದದ್ದು, ಇರುವುದು ಡಬ್ಲಿನ್ನಿನ 73, ಮೆರಿಯನ್ ಸ್ಕ್ವೇರ್‌ನಲ್ಲಿ. ಪ್ರವೇಶ ಉಚಿತ, ಡಬ್ಲಿನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಈ ಸಂಗೀತಕ್ಕೆ ಕಿವಿ ಕೊಟ್ಟಿದ್ದರೆ ಒಮ್ಮೆ ಒಳಹೋಗಲೇಬೇಕು, ತೆರೆದಿರುವ ಸಮಯ ಮೊದಲೇ ನೋಡಿಕೊಳ್ಳಿ. ಹೋಗಲಾಗದವರಿಗೆ ಜಾಲದಲ್ಲೇ ಹಳೆಯ ಪುಸ್ತಕ, ಹಸ್ತಪ್ರತಿ, ಧ್ವನಿಮುದ್ರಣಗಳ ದೊಡ್ಡ ಭಂಡಾರವಿದೆ. ಕೆರಿಯ ಪೈಪ್ ವಾದಕರಿಂದ ಪಾದ್ರಿ ಜೇಮ್ಸ್ ಗುಡ್‌ಮನ್ 19ನೆಯ ಶತಮಾನದಲ್ಲಿ ಬರೆದುಕೊಂಡ ಮಟ್ಟುಗಳೂ ಇಲ್ಲಿಂದಲೇ ಪುಸ್ತಕವಾಗಿ ಬಂದವು. ಹುಡುಕುವ ಪುಟ ಟ್ಯೂನ್ ಆರ್ಕೈವ್‌ನಷ್ಟು ಸರಾಗವಲ್ಲ. ಇದು ಗ್ರಂಥಾಲಯದ ಕ್ಯಾಟಲಾಗ್, ಬರಿಯ ಮಟ್ಟಿನ ಹೆಸರಿಟ್ಟುಕೊಂಡು ಬಂದರೆ ನೂರಾರು ದಾಖಲೆಗಳ ನಡುವೆ ಕಳೆದುಹೋಗುತ್ತೀರಿ. ವಾದಕರ ಹೆಸರು ಅಥವಾ ಪುಸ್ತಕದ ಹೆಸರು ಹಿಡಿದು ಬನ್ನಿ.

ಪುಸ್ತಕವನ್ನೇ ಕೊಳ್ಳುವವರಿಗೆ ಒಂದೇ ಸಲಹೆ: ಬ್ರೆಂಡನ್ ಬ್ರಾನಕ್ ಅವರ 'ಕ್ಯೋಲ್ ರಿಂಕೆ ನ ಹೇರನ್' ಮೊದಲ ಸಂಪುಟ, 1963. ಮಟ್ಟುಗಳು ಇನ್ನೂರು ಚಿಲ್ಲರೆ ಮಾತ್ರ. ಆದರೆ ಪ್ರತಿಯೊಂದನ್ನೂ ಯಾವ ವಾದಕರಿಂದ ಪಡೆದದ್ದು, ಓನೀಲ್ ಮತ್ತಿತರ ಸಂಗ್ರಹಗಳಲ್ಲಿ ಯಾವ ಹೆಸರಿನಿಂದ ಬಂದಿದೆ ಎಂದು ಟಿಪ್ಪಣಿಯಿದೆ. ಮೂಲ ನಮೂದಿಸುವುದು ಹೇಗೆ ಎಂದು ಕಲಿಯಲು ಇಷ್ಟು ಒಳ್ಳೆಯ ಮಾದರಿ ಸಿಗದು. 1855ಕ್ಕಿಂತ ಹಿಂದಿನ ಮುದ್ರಿತ, ಹಸ್ತಪ್ರತಿ ಮೂಲಗಳಿಗೆ ಅಲೋಯ್ಸ್ ಫ್ಲೈಶ್ಮನ್ ಸಂಪಾದಿಸಿದ 1998ರ ಎರಡು ಸಂಪುಟಗಳಿವೆ, ಆರು ಸಾವಿರಕ್ಕೂ ಹೆಚ್ಚು ಮಟ್ಟುಗಳೊಂದಿಗೆ. ಬೆಲೆ ನೋಡಿದರೆ ಗ್ರಂಥಾಲಯದಲ್ಲೇ ನೋಡುವುದು ಮೇಲು.

ಇಷ್ಟೆಲ್ಲ ಶ್ರಮ ಏಕೆ ಎಂದರೆ, 'ಸಾಂಪ್ರದಾಯಿಕ' ಎಂದು ಬರೆದ ಎಷ್ಟೋ ಮಟ್ಟಿಗೆ ರಚನಕಾರರಿದ್ದಾರೆ. ಕ್ಯಾವನ್ ಕೌಂಟಿಯಿಂದ ಫಿಲಡೆಲ್ಫಿಯಾಕ್ಕೆ ಹೋಗಿ ಪ್ಲಂಬರ್ ಆಗಿ ದುಡಿದ ಎಡ್ ರೀವಿ ರಚಿಸಿದ 'ದಿ ಹಂಟರ್ಸ್ ಹೌಸ್' ಸೆಷನ್‌ಗಳಲ್ಲಿ ದಿನವೂ ಕೇಳುವ ರೀಲ್. ಅವರು ತೀರಿಕೊಂಡದ್ದು 1988ರಲ್ಲಿ. ಐರ್ಲೆಂಡಿನ ಕಾನೂನಿನಂತೆ ರಚನಕಾರರ ಮರಣಾನಂತರ ಎಪ್ಪತ್ತು ವರ್ಷ ಕೃತಿಸ್ವಾಮ್ಯದ ಹಕ್ಕು ಇರುವುದರಿಂದ ಅದು 2058ರ ಕೊನೆಯವರೆಗೆ ಉಳಿಯುತ್ತದೆ. ಆಲ್ಬಂ ತರುವವರು ಅದನ್ನು 'ಟ್ರ್ಯಾಡ್' ಎಂದು ಬರೆದರೆ ಸಲ್ಲಬೇಕಾದವರಿಗೆ ಸಲ್ಲಬೇಕಾದ್ದು ಸಲ್ಲುವುದಿಲ್ಲ. ಮಟ್ಟು ಹಳೆಯದೆಂದು ಕೇಳಿಸುತ್ತದೆ ಎಂಬುದು ಪುರಾವೆಯಲ್ಲ; ರೀವಿ, ಫಾಹಿ ಇಬ್ಬರದೂ ಹಾಗೆಯೇ ಕೇಳಿಸುತ್ತದೆ.

ಸಿಕ್ಕಿದ್ದನ್ನು ದಾಖಲಿಸಲು ಎಬಿಸಿ ಲಿಪಿಯ ತಲೆಸಾಲುಗಳೇ ಸಾಕು. ಟಿ ಸಾಲು ಶೀರ್ಷಿಕೆಗೆ. ಎಷ್ಟು ಹೆಸರಿದ್ದರೂ ಅಷ್ಟು ಟಿ ಸಾಲು ಹಾಕಬಹುದು, ನೀವು ಕೇಳಿದ ಹೆಸರು ಮೊದಲು. ಸಿ ರಚನಕಾರರಿಗೆ, ಖಚಿತವಿಲ್ಲದಿದ್ದರೆ ಖಾಲಿ ಬಿಡಿ, ಅಲ್ಲಿ ಊಹೆ ಬರೆಯಬೇಡಿ. ಎಸ್ ಯಾರಿಂದ ಪಡೆದದ್ದು ಎಂಬುದಕ್ಕೆ, ಬಿ ಪುಸ್ತಕಕ್ಕೆ, ಡಿ ರೆಕಾರ್ಡಿಗೆ, ಝಡ್ ಲಿಪಿಗೆ ಇಳಿಸಿದವರಿಗೆ, ಎನ್ ಟಿಪ್ಪಣಿಗೆ. ಜಾಲದಿಂದ ಇಳಿಸಿಕೊಂಡ ಎಬಿಸಿಯ ಎಸ್, ಝಡ್ ಸಾಲುಗಳನ್ನು ಅಳಿಸಿ ಹಂಚುವ ಕೆಟ್ಟ ರೂಢಿಯಿಂದಲೇ ಮುಕ್ಕಾಲು ಪಾಲು ಮೂಲಗಳು ಕಳೆದುಹೋಗಿರುವುದು. ಐದೂ ಕಡೆ ಹುಡುಕಿಯೂ ಹೆಸರು ಸಿಗದಿದ್ದರೆ ಟಿ ಸಾಲಿನಲ್ಲಿ 'ಗಾನ್ ಆನ್ಯಿಮ್', ಅಂದರೆ ಹೆಸರಿಲ್ಲದ್ದು, ಎಂದು ಹಾಕಿ, ಎಸ್ ಸಾಲಿನಲ್ಲಿ ನುಡಿಸಿದವರು, ಸ್ಥಳ, ದಿನಾಂಕ ಬರೆಯಿರಿ. ಹೊಸ ಹೆಸರು ಕಟ್ಟಬೇಡಿ.